ಸೋಸಿದ ನೀರು

ಅವ್ವ ಹಳೆಯ ಸೀರೆಯಿಂದ ಒಂದು ತುಂಡು ಹರಿದು, ನಾಲ್ಕು ಮಡಿಕೆ ಮಾಡಿ, ಬಾಟಲಿಯ ಬಾಯಿಗೆ ಹೊದಿಸಿ ದಾರ ಸುತ್ತಿದಳು. ಗಂಟು ಬಿಗಿಯುವಾಗ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದಿದ್ದಳು. ಮೊಳೆಗೆ ನೇತುಹಾಕಿದ್ದ ಲಾಳಿಕೆಯ ಕಡೆ ತಿರುಗಿಯೂ ನೋಡಲಿಲ್ಲ. ಅದು ಸೀಮೆಎಣ್ಣೆಯ ಲಾಳಿಕೆ. ನಿನ್ನೆ ಸಂಜೆ ಬಾವಿಯಿಂದ ಸೇದಿ, ಕಸರೆಲ್ಲ ತಳ ಹಿಡಿಯಲೆಂದು ಬಾಯಿ ತೆರೆದೇ ಇಟ್ಟಿದ್ದ ಕೊಡದ ಮೇಲುನೀರನ್ನು ಅಂಗೈಯಿಂದ ಸರಿಸಿ ಹೊರಗೆ ಚೆಲ್ಲಿದಳು. ಆಮೇಲೆ ತಳ ಕದಡದ ಹಾಗೆ ಚೆಂಬನ್ನು ಓರೆ ಮಾಡಿ ನಡುವಿನ ನೀರು ತೆಗೆದು ಬಟ್ಟೆಯ ಮೇಲೆ ಸಣ್ಣ ಧಾರೆಯಾಗಿ ಬಿಟ್ಟಳು. ರೇವತಿ ಬಾಟಲಿಯನ್ನು ಮೊಣಕಾಲುಗಳ ನಡುವೆ ಹಿಡಿದು ಕೂತಿದ್ದಳು. ಕಂದು ಗಾಜಿನೊಳಗೆ ನೀರು ಏರುವುದು ಸರಿಯಾಗಿ ಕಾಣುತ್ತಿರಲಿಲ್ಲ; ಕೈಗೆ ತಣ್ಣಗೆ ತಾಕುತ್ತ ಮೇಲೆ ಬರುವುದರಿಂದ ಗೊತ್ತಾಗುತ್ತಿತ್ತು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ದೇವರ ಕೊಡ ತುಂಬುವಾಗ ಅವ್ವನ ಮುಖ ಹೇಗಿರುತ್ತದೋ ಹಾಗೆಯೇ ಇತ್ತು. ಎಷ್ಟೋ ದಿನಗಳಿಂದ ಆ ಮುಖವನ್ನು ರೇವತಿ ಕಂಡಿರಲಿಲ್ಲ.

ಹೀಗೆ ತುಂಬಬಾರದು ಎಂದು ಅವಳಿಗೆ ಗೊತ್ತಿತ್ತು. ಪರೀಕ್ಷೆಗೆ ನೀರು ತರಲೆಂದು ಬಾಟಲಿ ಕೊಡುವಾಗಲೇ ಅವಳು ಕೆಲಸ ಮಾಡುವ ಲ್ಯಾಬಿನ ದತ್ತು ಸರ್ ಹೇಳಿದ್ದರು. "ನೋಡಮ್ಮ, ಕೊಡದಲ್ಲಿ ತುಂಬಿ ಸುರೀಬೇಡ. ಬಾಟ್ಲಿ ತೊಳೀಲೂಬೇಡ. ಕತ್ತಿಗೆ ಹಗ್ಗ ಕಟ್ಟಿ ಸೀದಾ ಬಾವಿಗೆ ಇಳಿಸು, ಮೇಲೆ ಏನು ತೇಲ್ತಾ ಇರುತ್ತೋ ಅದೂ ಸೇರ್ಲಿ." ಅವಳು ತಲೆಯಾಡಿಸಿದ್ದಳು. ತಲೆಯಾಡಿಸುವುದು ಅವಳಿಗೆ ಬರುತ್ತಿತ್ತು. ಈಗ ಬಾಯಿ ತೆರೆದು, ಬ್ಯಾಡವ್ವ ಅನ್ನಬೇಕು, ಒಂದೇ ಮಾತು. ಮಾತು ಗಂಟಲಿನವರೆಗೆ ಬಂದು ನಿಂತಿತು. ಬಟ್ಟೆಯ ಮೇಲೆ ನೀರು ಹರಡಿದ ಜಾಗ ಸ್ವಲ್ಪ ಮಿರಮಿರ ಹೊಳೆಯಿತು, ಪಾರಿವಾಳದ ಕುತ್ತಿಗೆಯ ಹಾಗೆ. ಅವ್ವ ಅದನ್ನು ನೋಡಿ ಬಟ್ಟೆ ಬಿಚ್ಚಿ ಮೂಲೆಗೆಸೆದು ಇನ್ನೊಂದು ತುಂಡು ಹರಿದಳು. ಬಾಟಲಿ ಕಂಠದವರೆಗೆ ತುಂಬಿದ ಮೇಲೆ ಸೆರಗಿನಿಂದ ಹೊರಗೆಲ್ಲ ಒರೆಸಿ, ಮೊದಲ ಸಲ ಬಾಯಿ ಬಿಟ್ಟಳು. "ಹೊರಗಿನ ಮಂದಿ ಮುಂದ ನಮ್ಮ ನೀರು ಹಂಗ ಇರಬಾರದು ಏನು? ತಗಂಡು ಹೋಗು."

ಬಸ್ಸಿನಲ್ಲಿ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಾಗ ಅವಳಿಗೆ ಅನ್ನಿಸಿತು, ಅವ್ವ ಹಾಗೆ ಮಾಡಿದ್ದು ವಠಾರದ ಬೈರಮ್ಮ ಆಡಿದ ಮಾತಿನಿಂದ. ಬಾವಿಯ ನೀರಿಗೆ ವಾಸನೆ ಹತ್ತಿದ್ದು ದಸರಾ ಕಳೆದ ಮೇಲೆ. ಬೆನ್ನಿಗಾನಹಳ್ಳಿಯ ಆ ವಠಾರದಲ್ಲಿ ಸಿಮೆಂಟ್ ಶೀಟಿನ ಒಂದು ಸಾಲು ಮನೆಗಳು, ಹಿಂದೆ ಬಾವಿ, ಬಾವಿಯ ಹಿಂದೆ ಕಾಂಪೌಂಡು, ಕಾಂಪೌಂಡಿನ ಆಚೆ ಪೆಟ್ರೋಲ್ ಬಂಕ್. ಮೊದಲು ಅನ್ನಕ್ಕೆ ವಾಸನೆ ಬಂತು. ಆಮೇಲೆ ಬಾವಿಯ ಮೇಲೆ ಬಣ್ಣ ಬಣ್ಣದ ಪೊರೆ. ಹೆಂಗಸರು ಕೊಡದ ತಳದಿಂದ ಪೊರೆಯನ್ನು ಆಚೆಗೆ ತಳ್ಳಿ, ಅದು ಮತ್ತೆ ಕೂಡಿಕೊಳ್ಳುವ ಮೊದಲು ಗಬಕ್ಕನೆ ಕೊಡ ಮುಳುಗಿಸುವುದನ್ನು ಕಲಿತರು. ಅದೂ ಒಂದು ಕೈಚಳಕ. ಅವ್ವ ಎಲ್ಲರಿಗಿಂತ ಚೆನ್ನಾಗಿ ಕಲಿತಳು. ರಾಯಚೂರಿನ ಕಡೆ ಕೆರೆಯ ಪಾಚಿ ಸರಿಸಿ ನೀರು ತುಂಬಿದ ಕೈ ಅದು. ಅಷ್ಟರಲ್ಲಿ ಒಂದು ದಿನ ಬೈರಮ್ಮ, ಮೊದಲನೇ ಮನೆಯವಳು, ಎಲ್ಲರಿಗಿಂತ ಹಳೇ ಬಾಡಿಗೆದಾರಳು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಯಾರಿಗೋ ಎಂಬಂತೆ ಹೇಳಿದಳು. "ಸೀಮೆಣ್ಣೆ ಡಬ್ಬ ಬಾವಿ ಕಟ್ಟೆ ಮೇಲೆ ತೊಳೆದ್ರೆ ಇನ್ನೇನ್ ಪನ್ನೀರ್ ಬರುತ್ತಾ? ಕಂಡೋರ್ ಊರಿಂದ ಬಂದೋರ್ಗೆ ಬಾವಿ ಬೆಲೆ ಏನ್ ಗೊತ್ತು." ಅವ್ವ ರೇಷನ್ನಿನ ಸೀಮೆಎಣ್ಣೆಯ ಹಳೆಯ ಡಬ್ಬಿ ತೊಳೆದದ್ದು ನಿಜ. ಅದನ್ನು ನೀರಿಗೆ ಇಟ್ಟುಕೊಳ್ಳೋಣವೆಂದು ಬೂದಿ ಹಾಕಿ ಉಜ್ಜಿದ್ದಳು. ತೊಳೆದ ನೀರು ಎತ್ತ ಹರಿಯಿತು ಎಂದು ಯಾರು ನೋಡಿದ್ದರು? ರೇವತಿ ನೋಡಿದ್ದಳು. ಕಟ್ಟೆಯ ಬಿರುಕಿನಲ್ಲಿ ಸ್ವಲ್ಪ ಇಳಿದಿತ್ತು. ಸ್ವಲ್ಪವೇ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಬಂಕಿನ ಮೇಲೆ ಜಗಳಕ್ಕೆ ಹೋದವನು ಚಾಂದ್ ಪಾಷಾ. ವಠಾರದ ಮುಂದೆ ಗೇಟು ಗ್ರಿಲ್ಲುಗಳ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಶಿವಾಜಿನಗರದ ಮನುಷ್ಯ. ಕಿಡಿ ನೋಡಿ ನೋಡಿ ಯಾವಾಗಲೂ ಕೆಂಪಗಿರುವ ಕಣ್ಣು. "ನಿಮ್ದು ಟ್ಯಾಂಕಿ ಲೀಕ್ ಐತೆ, ನಮ್ದು ಬಾವಿಗೆ ಬಂದೈತೆ, ಆಕೆ ಡಬ್ಬಿ ತೊಳದ್ರೆ ಇಡೀ ಬಾವಿ ವಾಸ್ನೆ ಬರ್ತದಾ? ಬೆಂಕಿ ಕಡ್ಡಿ ಗೀರಿ ಹಾಕ್ಲಾ ಬಾವಿಗೆ, ನೋಡ್ತೀರಾ?" ಎಂದು ಬಂಕಿನ ಮ್ಯಾನೇಜರ್ ಮುಂದೆ ಕೂಗಿದ. ಮ್ಯಾನೇಜರ್ ಒಳ್ಳೆಯ ಮಾತಿನಲ್ಲೇ ಹೇಳಿದ. "ಪಾಷಾ ಅವ್ರೇ, ಕೂಗಿದ್ರೆ ಆಗಲ್ಲ. ಲ್ಯಾಬ್ ರಿಪೋರ್ಟ್ ತನ್ನಿ. ಅಲ್ಲೀವರ್ಗೂ ದಿನಾ ಒಂದು ಟ್ಯಾಂಕರ್ ನೀರು ಕಳಿಸ್ತೀನಿ, ಮನುಷ್ಯತ್ವಕ್ಕೆ. ರಿಪೋರ್ಟಲ್ಲಿ ಎಣ್ಣೆ ಇಲ್ಲ ಅಂತ ಬಂತು ಅಂದ್ರೆ ಆಮೇಲೆ ಈ ಕಡೆ ತಲೆ ಹಾಕ್ಬೇಡಿ." ಆ ಸಂಜೆ ಎಲ್ಲರೂ ರೇವತಿಯ ಕಡೆ ನೋಡಿದರು. ಅವಳು ಕೆಲಸಕ್ಕೆ ಹೋಗುವುದು ಅಂಥದೇ ಒಂದು ಜಾಗಕ್ಕೆ ಎಂದು ವಠಾರಕ್ಕೆ ಗೊತ್ತಿತ್ತು; ಅಲ್ಲಿ ಅವಳು ಪಾತ್ರೆ ತೊಳೆಯುತ್ತಾಳೆ ಎಂಬುದು ಅಷ್ಟಾಗಿ ಗೊತ್ತಿರಲಿಲ್ಲ. "ನೀನೇ ನಮ್ದು ಡಾಕ್ಟರ್ ಬೇಟಿ," ಎಂದ ಚಾಂದ್ ಪಾಷಾ. ಬೈರಮ್ಮ ನಕ್ಕಳು.

ದೊಡ್ಡನೆಕ್ಕುಂದಿಯ ಆ ಲ್ಯಾಬಿನಲ್ಲಿ ಅವಳ ಜಾಗ ಹಿಂದಿನ ತೊಳೆಯುವ ಕೋಣೆ. ಸೋಪಿನ ನೀರು, ನಲ್ಲಿಯ ನೀರು, ಆಮೇಲೆ ಭಟ್ಟಿ ಇಳಿಸಿದ ನೀರು, ಕೊನೆಗೆ ಮೂಗು ಉರಿಸುವ ಅಸಿಟೋನು. ಒಣಗಿದ ಗಾಜಿನ ಒಳಕ್ಕೆ ಬೆರಳು ತಾಗಬಾರದು. ಗೋಡೆಯ ಆಚೆ ತಣ್ಣನೆಯ ಕೋಣೆಯಲ್ಲಿ ಮಷೀನು. ಯಾವಾಗಲೂ ಜೇನುಗೂಡಿನ ಹಾಗೆ ಗುಂಯ್ ಎನ್ನುತ್ತಿರುತ್ತದೆ. ನೀರಿನಲ್ಲಿ, ಮಣ್ಣಿನಲ್ಲಿ ಇರುವ ಎಣ್ಣೆಯನ್ನು ಅದು ಕಾಯಿಸಿ ಆವಿ ಮಾಡಿ, ಕೂದಲಿನಷ್ಟು ಸಣ್ಣ ಕೊಳವೆಯೊಳಗೆ ಓಡಿಸುತ್ತದೆಯಂತೆ. ಹಗುರವಾದದ್ದು ಮೊದಲು ಬರುತ್ತದೆ, ಭಾರವಾದದ್ದು ಹಿಂದೆ ಉಳಿಯುತ್ತದೆ. ಬಂದದ್ದನ್ನೆಲ್ಲ ಚೂರು ಮಾಡಿ ಚೂರುಗಳ ತೂಕ ನೋಡಿ ಹೆಸರು ಹೇಳುತ್ತದೆ. ಪರದೆಯ ಮೇಲೆ ಒಂದು ಗೆರೆ ನೆಲದ ಮೇಲೆ ಹರಿದಂತೆ ಹರಿದು, ಒಮ್ಮೆಲೇ ಮುಳ್ಳಾಗಿ ಏಳುತ್ತದೆ. ಡೀಸೆಲ್ಲಾದರೆ ಹೇನು ತೆಗೆಯುವ ಬಾಚಣಿಗೆಯ ಹಲ್ಲುಗಳು ಸಾಲಾಗಿ ನಿಂತ ಹಾಗೆ. ಬಾಗಿಲ ಗಾಜಿನಿಂದ ಅವಳು ಎಷ್ಟೋ ಸಲ ನೋಡಿದ್ದಳು.

ಆ ಮಷೀನು ಅವಳನ್ನು ಒಂದು ಸಲ ಹಿಡಿದುಕೊಟ್ಟಿತ್ತು. ಸೇರಿದ ಹೊಸತು. ಆಗ ಅವಳು ದಿನಾ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡು ಬರುತ್ತಿದ್ದಳು. ಅವ್ವ ಬೆಳಿಗ್ಗೆ ಕೂರಿಸಿಕೊಂಡು ಹಚ್ಚುತ್ತಿದ್ದಳು, ಮಾತಿಲ್ಲದೆ, ನೆತ್ತಿ ತಣ್ಣಗಾಗುವವರೆಗೆ. ಏನೂ ಇಲ್ಲದ ಬರೀ ಶುದ್ಧ ನೀರನ್ನೂ ಬ್ಲಾಂಕ್ ಎಂದು ಮಷೀನಿಗೆ ಹಾಕಿ ನೋಡುತ್ತಾರೆ, ಗಾಜು ಚೊಕ್ಕಟವಾಗಿದೆಯೇ ಎಂದು ತಿಳಿಯಲು. ಅದರಲ್ಲಿ ಒಂದು ಮುಳ್ಳು ಎದ್ದಿತು. ದತ್ತು ಸರ್ ಅದರ ಮೇಲೆ ಒತ್ತಿದಾಗ ಇಂಗ್ಲಿಷಿನಲ್ಲಿ ಹೆಸರು ಬಂತು. ಅವರು ಗಟ್ಟಿಯಾಗಿ ನಕ್ಕರು. "ಅಯ್ಯೋ, ಕೊಬ್ರಿ ಎಣ್ಣೆ! ಯಾರ ತಲೆಯಪ್ಪಾ ಇದು?" ಕೋಣೆಯಲ್ಲಿದ್ದವರೆಲ್ಲ ತಿರುಗಿ ಬಾಗಿಲಿನ ಆಚೆ ಟ್ರೇ ಹಿಡಿದು ನಿಂತಿದ್ದ ಅವಳ ಜಡೆಯನ್ನು ನೋಡಿದರು. ಲ್ಯಾಬಿನ ಮೇಡಂ ನಗಲಿಲ್ಲ. "ಒಂದಿಡೀ ಬ್ಯಾಚ್ ವೇಸ್ಟ್. ನಾಳೆಯಿಂದ ತಲೆಗೆ ಎಣ್ಣೆ ಹಾಕ್ಕೊಂಡು ಬರ್ಬೇಡ," ಎಂದರು. ಆವತ್ತಿನಿಂದ ಅವಳ ಕೂದಲು ಒಣಗಿ ಹುಲ್ಲಿನಂತಾಯಿತು. ಅವ್ವ ಎಣ್ಣೆ ಬಾಟಲಿ ಹಿಡಿದು ಕರೆದರೆ ಹೊತ್ತಾಯಿತು ಎಂದು ಎದ್ದು ಹೋಗುತ್ತಿದ್ದಳು. ಯಾಕೆ ಎಂದು ಹೇಳಿರಲಿಲ್ಲ. ಅವ್ವ ಕೆಲವು ದಿನ ಕರೆದು ಆಮೇಲೆ ಬಿಟ್ಟಳು. ಬೆರಳ ತುದಿಯಷ್ಟು ಎಣ್ಣೆಗೆ ಅವಳ ತಲೆಯನ್ನು ಕಂಡುಹಿಡಿದ ಮಷೀನು. ಅದರ ಮುಂದೆ ಈಗ ಅವ್ವನ ಬಾವಿಯ ನೀರು.

ದತ್ತು ಸರ್ ಗುಲ್ಬರ್ಗಾ ಕಡೆಯವರು ಎಂಬ ಒಂದೇ ಧೈರ್ಯದಿಂದ ಅವಳು ಅವರನ್ನು ಕೇಳಿದ್ದಳು. ಕೇಳುವುದಕ್ಕೆ ಎಷ್ಟೋ ದಿನ ಹಿಡಿಯಿತು. ಅವರು ಟೀ ಕುಡಿದ ಲೋಟ ಎತ್ತಲು ಹೋಗಿ ಹೋಗಿ ಬರಿಗೈಯಲ್ಲಿ ಬಂದಿದ್ದಳು. ಅವರು ಸಲೀಸಾಗಿ ಒಪ್ಪಿಕೊಂಡರು. "ಬ್ಯಾಚಲ್ಲಿ ಒಂದು ಜಾಗ ಖಾಲಿ ಇರುತ್ತೆ, ಹಾಕೋಣ ಬಿಡು. ಮೇಡಂ ಹತ್ರ ನಾನು ಹೇಳ್ತೀನಿ." ಆಮೇಲೆ, ಹೊರಟವಳನ್ನು ಕರೆದು, ಸುಮ್ಮನೆ ತಿಳಿದಿರಲಿ ಎಂಬಂತೆ ಅಂದರು. "ಡೀಸೆಲ್ಲಾ, ಸೀಮೆಎಣ್ಣೆನಾ ಅಂತಾನೂ ಹೇಳ್ಬಿಡುತ್ತೆ ಇದು. ಬಂಕಿನೋರು ತಪ್ಪಿಸ್ಕೊಳ್ಳೋಕಾಗಲ್ಲ." ಅವಳು ಲೋಟ ಎತ್ತಿಕೊಂಡು ಹಿಂದೆ ಹೋದಳು. ಸೀಮೆಎಣ್ಣೆ ಎಂದು ಹೇಳಿದರೆ? ಅದೇ ಪರದೆಯ ಮೇಲೆ, ಅದೇ ನಗುವಿನ ನಡುವೆ, ಅವ್ವನ ಡಬ್ಬಿಯ ಹೆಸರು ಬಂದರೆ? ಬೆಳಿಗ್ಗೆ ಬಟ್ಟೆಯ ಮೇಲೆ ನೀರು ಹರಿಯುವಾಗ ಬ್ಯಾಡವ್ವ ಎನ್ನುವ ಮಾತು ಗಂಟಲಿನಲ್ಲಿ ನಿಂತದ್ದು ಅವ್ವನ ಮುಖ ನೋಡಿ ಅಷ್ಟೇ ಅಲ್ಲ. ಸೋಸಿ ಹೋಗಲಿ, ಏನಿದ್ದರೂ ಬಟ್ಟೆಯಲ್ಲೇ ಉಳಿದುಹೋಗಲಿ ಎಂದು ಅವಳ ಒಳಗೆ ಯಾರೋ ಅಂದಿದ್ದರು. ಬಸ್ಸಿನ ಕಿಟಕಿಯಲ್ಲಿ ಕಟ್ಟುತ್ತಿದ್ದ ತೂಗುಸೇತುವೆಯ ಕಂಬಗಳು ಹಿಂದೆ ಸರಿದವು. ಅಲ್ಲೆಲ್ಲೋ ಸ್ವಲ್ಪ ಹೊತ್ತಿನಲ್ಲಿ ಅಪ್ಪ ಕಬ್ಬಿಣ ಕಟ್ಟಲು ಹತ್ತುತ್ತಾನೆ. ತಾನು ಅವ್ವನನ್ನು ನಂಬಿಲ್ಲ ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು.

ದತ್ತು ಸರ್ ಬಾಟಲಿಯ ನೀರನ್ನು ದೊಡ್ಡ ಗಾಜಿನ ಬುರುಡೆಗೆ ಸುರಿದು, ದ್ರಾವಕ ಹಾಕಿ, ಬಿರಟೆ ಒತ್ತಿ ಹಿಡಿದು ಅಲ್ಲಾಡಿಸಿದರು. ಮಧ್ಯೆ ಮಧ್ಯೆ ತಲೆಕೆಳಗು ಮಾಡಿ ಕೊಳಾಯಿ ತಿರುವಿ ಅದರ ಉಸಿರು ಬಿಡಿಸುತ್ತಿದ್ದರು. ನೀರಿನಲ್ಲಿರುವ ಎಣ್ಣೆಯೆಲ್ಲ ದ್ರಾವಕಕ್ಕೆ ಬಂದು ತಳದಲ್ಲಿ ನಿಲ್ಲಬೇಕು. ಬೇರೆ ಬುರುಡೆಗಳಲ್ಲಿ ಅದು ಚಹಾದ ಬಣ್ಣಕ್ಕೆ ತಿರುಗುವುದನ್ನು ಅವಳು ಕಂಡಿದ್ದಳು. ಇದರಲ್ಲಿ ಕಣ್ಣೀರಿನಂತೆ ತಿಳಿಯಾಗಿತ್ತು. ಅವರು ಖಾಲಿ ಬಾಟಲಿಯನ್ನೂ ದ್ರಾವಕದಲ್ಲಿ ಗಲಬರಿಸಿ ಅದನ್ನೂ ಸೇರಿಸಿದರು, ಗೋಡೆಗೆ ಅಂಟಿದ್ದು ಬಿಟ್ಟುಹೋಗಬಾರದೆಂದು. ಅಷ್ಟು ಶ್ರದ್ಧೆ ನೋಡಿ ಅವಳಿಗೆ ಅಳು ಬಂದಂತಾಯಿತು. ಈಗ ಹೇಳಬಹುದಿತ್ತು. ಸರ್, ನಮ್ಮವ್ವ ಸೋಸಿದಳು. ಅವಳು ಪಿಪೆಟ್ಟುಗಳ ಟ್ರೇ ಎತ್ತಿಕೊಂಡು ಹಿಂದೆ ಹೋಗಿ ನಲ್ಲಿ ತಿರುವಿದಳು. ನಲ್ಲಿಯ ನೀರಿಗೆ ಯಾವ ವಾಸನೆಯೂ ಇರಲಿಲ್ಲ. ಬೊಗಸೆಯಲ್ಲಿ ಹಿಡಿದು ಮೂಸಿದಳು, ಇನ್ನೊಮ್ಮೆ ಮೂಸಿದಳು. ಹೊಟ್ಟೆ ತುಂಬ ಕುಡಿದಳು. ಅವ್ವನ ನೆನಪಾಗಿ ಬಾಯಿ ಒರೆಸಿಕೊಂಡಳು, ಕದ್ದು ತಿಂದವಳ ಹಾಗೆ.

ಮಧ್ಯಾಹ್ನದ ಮೇಲೆ ದತ್ತು ಸರ್ ಅವಳನ್ನು ಕರೆದರು. ಪರದೆಯ ಮೇಲೆ ಗೆರೆ ಉದ್ದಕ್ಕೂ ಮಲಗಿತ್ತು. ಅಲ್ಲೊಂದು ಇಲ್ಲೊಂದು ಇರುವೆಯಷ್ಟು ಉಬ್ಬು. "ಏನೂ ಇಲ್ಲ ನೋಡು. ಈ ಸಣ್ಣಪುಟ್ಟದೆಲ್ಲ ಮಷೀನು ಲೆಕ್ಕಕ್ಕೆ ಹಿಡಿಯೋ ಮಟ್ಟಕ್ಕಿಂತ ಕೆಳಗೆ. ನಿಮ್ಮ ಬಾವಿ ನೀರು ನಮ್ಮ ಕ್ಯಾಂಟೀನ್ ನೀರಿಗಿಂತ ವಾಸಿ ಕಣಮ್ಮ!" ಎಂದು ನಕ್ಕರು. ಅವಳಿಗೂ ನಗು ಬಂತು. ಕಾಲಿನಿಂದ ಮೇಲಕ್ಕೆ ಹಗುರಾದಂತೆ ಒಂದು ಸಮಾಧಾನ ಏರಿತು: ಡಬ್ಬಿಯ ಹೆಸರು ಬರಲಿಲ್ಲ. ತಿರುಗಿ ತೊಳೆಯುವ ಕೋಣೆಗೆ ಬಂದು ಗೋಡೆಗೆ ಒರಗಿದ ಮೇಲೆ ಆ ಸಮಾಧಾನ ಏನು ಎಂಬುದು ನಿಧಾನವಾಗಿ ತಿಳಿಯಿತು. ಬಂಕಿನ ಹೆಸರೂ ಬರಲಿಲ್ಲ. ಟ್ಯಾಂಕರ್ ಬರುವುದಿಲ್ಲ. ಸಂಜೆ ಮೇಡಂ ಸಹಿ ಮಾಡಿದ ಹಾಳೆಯನ್ನು ದತ್ತು ಸರ್ ಕವರಿನಲ್ಲಿ ಹಾಕಿ ಕೊಟ್ಟಾಗ ಅವಳು ಥ್ಯಾಂಕ್ಸ್ ಸರ್ ಎಂದಳು.

ಚಾಂದ್ ಪಾಷಾ ಕನ್ನಡಕ ಇಲ್ಲದೆ ಹಾಳೆಯನ್ನು ದೂರ ಹಿಡಿದು ಓದಿದ, ಹತ್ತಿರ ಹಿಡಿದು ಓದಿದ. "ಇಲ್ಲಾ ಅಂತ ಬರ್ದವ್ರೆ. ಕ್ಯಾ ಬೇಟಿ, ಇದು ನಮ್ದು ಬಾವೀದೇನಾ?" ಅವಳು ತಲೆಯಾಡಿಸಿದಳು. ಅವನು ಇನ್ನೇನೂ ಕೇಳಲಿಲ್ಲ. ಕಾಗದ ಎಂದರೆ ಅವನಿಗೆ ಮರ್ಯಾದೆ. ಮಾರನೆಯ ದಿನ ತಾನೇ ಒಯ್ದು ಮ್ಯಾನೇಜರಿಗೆ ಕೊಟ್ಟು ಬಂದ. ಕೊಡದೆ ಇರಬಹುದಿತ್ತು ಎಂದು ಯಾರೋ ಅಂದದ್ದಕ್ಕೆ, "ಮಾತು ಕೊಟ್ಟೀನಲ್ಲಾ," ಎಂದು ಮುಖವಾಡ ಇಳಿಸಿ ಕಿಡಿ ಹಾರಿಸತೊಡಗಿದ. ಅಂದಿನಿಂದ ಟ್ಯಾಂಕರ್ ಬರಲಿಲ್ಲ. ಖಾಲಿ ಬಿಂದಿಗೆಗಳು ರಸ್ತೆಯ ಪಕ್ಕ ಸಾಲಾಗಿ ಕಾದು, ಬಿಸಿಲಿಗೆ ಕಾದು, ಸಂಜೆ ಒಂದೊಂದಾಗಿ ಬಾವಿಯ ಕಡೆ ಹೋದವು.

ಅವ್ವನಿಗೆ ಮಾತ್ರ ಮೊದಲು ಖುಷಿಯಾಗಿತ್ತು. ನಮ್ಮ ನೀರು ಚೊಕ್ಕ ಐತಂತ ಮಷೀನೇ ಹೇಳೇತಿ, ಎಂದು ಅಪ್ಪನಿಗೆ ಹೇಳಿದ್ದಳು, ಉಂಡ ತಟ್ಟೆ ಎತ್ತುತ್ತ. ಅಪ್ಪ ಮೂಸಿದ ಲೋಟವನ್ನು ಕೆಳಗಿಟ್ಟು ಅವಳ ಮುಖ ನೋಡಿದ್ದ. ಈಗ ಬಾವಿಕಟ್ಟೆಯ ಹತ್ತಿರ ಹೆಂಗಸರೆಲ್ಲ ಸೇರಿ ಪೊರೆ ಸರಿಸುತ್ತಿದ್ದಾಗ ಬೈರಮ್ಮ ಶುರುಮಾಡಿದಳು. "ಬಂಕಿಂದಲ್ಲ ಅಂತ ಮಷೀನೇ ಹೇಳ್ತಲ್ಲ. ಇನ್ನ್ಯಾರ್ದು ಅಂತ ನಾನ್ ಹೇಳ್ಬೇಕಾ? ಡಬ್ಬ ತೊಳೆದ ಕೈಗೇ ಗೊತ್ತು." ಅವ್ವ ಕೊಡ ಕೆಳಗಿಟ್ಟಳು. ಅವಳ ಧ್ವನಿಯಲ್ಲಿ ಕೋಪ ಇರಲಿಲ್ಲ, ತಿಳಿಸಿ ಹೇಳುವ ಆಸೆ ಇತ್ತು. "ಯಕ್ಕಾ, ಹಂಗ ಅನಬ್ಯಾಡ್ರಿ. ನಾ ಕೈಯಾರ ತುಂಬಿ ಕೊಟ್ಟೀನಿ. ರಾತ್ರೆಲ್ಲ ನಿಲ್ಲಿಸಿ, ನಾಕು ಮಡಿಕಿ ಅರಿವ್ಯಾಗ ಸೋಸಿ, ಅದನೂ ಬದಲ್ ಮಾಡಿ ಸೋಸಿ. ನಮ್ಮ ವಠಾರದ ನೀರು ಅಂದ್ರ ಹೆಸರು ಕೆಡಬಾರದು ಅಂತ."

ಒಂದು ಕ್ಷಣ ರಾಟೆಯೂ ನಿಂತಿತು. ರೇವತಿ ಬಾಗಿಲಲ್ಲಿ ನಿಂತಿದ್ದಳು.

"ಸೋಸಿದ್ಯಾ?" ಎಂದಳು ಬೈರಮ್ಮ. "ಯಾಕೆ ಸೋಸ್ದೆ? ನಿನ್ ಡಬ್ಬ ವಾಸ್ನೆ ಅಲ್ಲಿ ಗೊತ್ತಾಗ್ಬಾರ್ದು ಅಂತಾನಾ? ಮಗ್ಳು ಲ್ಯಾಬಲ್ಲಿ, ತಾಯಿ ಬಾವೀಲಿ. ಚೆನ್ನಾಗಿದೆ ನಿಮ್ಮಿಬ್ರದು."

ಅವ್ವ ನಕ್ಕಳು. ಅದು ತಮಾಷೆ ಇರಬಹುದು ಎಂದುಕೊಂಡು ನಕ್ಕಳು. ಯಾರೂ ನಗಲಿಲ್ಲವೆಂದು ಕಂಡ ಮೇಲೆ ಆ ನಗುವನ್ನು ಎಲ್ಲಿಡಬೇಕೆಂದು ತಿಳಿಯದೆ ರೇವತಿಯ ಕಡೆ ತಿರುಗಿದಳು. "ನೀನರ ಹೇಳವ್ವ. ಹಂಗೇನಿಲ್ಲ ಅಂತ ಹೇಳು." ರೇವತಿ ಹೇಳಬೇಕಾಗಿತ್ತು. ಆದರೆ ಬೈರಮ್ಮ ಹೇಳಿದ ಮಾತು ಅವಳದೇ ಮಾತಾಗಿತ್ತು. ಬಸ್ಸಿನಲ್ಲಿ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ತಾನು ಅಂದುಕೊಂಡದ್ದನ್ನೇ ಈ ಹೆಂಗಸು ಎಲ್ಲರ ಮುಂದೆ ಗಟ್ಟಿಯಾಗಿ ಅಂದಿದ್ದಳು. ಅವಳು ಒಳಗೆ ಹೋಗಿ, ಅಕ್ಕಿ ಇಲ್ಲದ ಮೊರವನ್ನು ಕೈಗೆತ್ತಿಕೊಂಡು ಆರಿಸುವವಳಂತೆ ಕೂತಳು. ಹೊರಗೆ ರಾಟೆ ಮತ್ತೆ ಕಿರುಗುಟ್ಟಿತು. ಸ್ವಲ್ಪ ಹೊತ್ತಿಗೆ ಅವ್ವ ಬಂದಳು. ಒಲೆ ಹಚ್ಚಲು ಸ್ಟೋವಿಗೆ ಎಣ್ಣೆ ತುಂಬಬೇಕಾಗಿತ್ತು. ಸೀಮೆಎಣ್ಣೆಯ ಹೊಸ ಡಬ್ಬಿಯ ಕಡೆ ಹೋದವಳು ಕೈ ಹಿಂದಕ್ಕೆ ತೆಗೆದು ಸುಮ್ಮನೆ ನಿಂತಳು. ಆ ಸಂಜೆ ಅಪ್ಪ ಹೋಟೆಲಿನಿಂದ ಚಿತ್ರಾನ್ನ ಕಟ್ಟಿಸಿಕೊಂಡು ಬಂದ. ಪೊಟ್ಟಣ ಬಿಚ್ಚಿ ಮೂವರೂ ತಿಂದರು. ನೀರು ಬೇಕಾದಾಗ ಯಾರೂ ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ, ಬಾವಿಯ ಹತ್ತಿರ ಯಾರೂ ಬರುವ ಮೊದಲು, ರೇವತಿ ಲ್ಯಾಬಿನಿಂದ ತಂದಿದ್ದ ಇನ್ನೊಂದು ಕಂದು ಬಾಟಲಿಯ ಕತ್ತಿಗೆ ಹಗ್ಗ ಕಟ್ಟಿ ಇಳಿಸಿದಳು. ಕೇಳಿ ತಂದದ್ದಲ್ಲ, ರಿಪೋರ್ಟು ಕೈಗೆ ಬಂದ ಸಂಜೆಯೇ ತೊಳೆದಿಟ್ಟವುಗಳಲ್ಲಿ ಒಂದನ್ನು ಚೀಲಕ್ಕೆ ಹಾಕಿಕೊಂಡಿದ್ದಳು. ಬಾಟಲಿ ನೀರಿಗೆ ತಾಗಿದ ಕೂಡಲೇ ಪೊರೆ ಅದರ ಸುತ್ತ ಸುಕ್ಕುಗಟ್ಟಿ, ಬಾಯಿಯ ಒಳಗೆ ಜಾರಿಹೋಗಿ, ಮತ್ತೆ ಹಿಂದಿನಿಂದ ಕೂಡಿಕೊಂಡಿತು. ನೇರಳೆ, ಹಸಿರು, ಹಿತ್ತಾಳೆ ಬಣ್ಣ. ಚೆನ್ನಾಗಿಯೇ ಕಾಣುತ್ತಿತ್ತು. ಯಾವ ಹೆಸರು ಬರುತ್ತದೋ ಬರಲಿ ಎಂದುಕೊಂಡಳು. ಅವ್ವನದೇ ಬಂದರೂ ಬರಲಿ, ಗೊತ್ತಾಗಲಿ. ಹಾಗೆ ಅಂದುಕೊಂಡದ್ದರಲ್ಲಿ ಧೈರ್ಯ ಇರಲಿಲ್ಲ, ಸುಸ್ತು ಇತ್ತು. ಮುಚ್ಚಳ ಎಷ್ಟು ಬಿಗಿದರೂ ಬಸ್ಸಿನಲ್ಲಿ ವಾಸನೆ ಹರಡಿತು. ಪಕ್ಕದಲ್ಲಿದ್ದವಳು ಸೆರಗು ಮೂಗಿಗೆ ಹಿಡಿದು ಎದ್ದು ಮುಂದೆ ಹೋದಳು. ಕಂಡಕ್ಟರ್ ಬಂದು, "ಏನಮ್ಮಾ, ಬಸ್ಸಿಗೆ ಬೆಂಕಿ ಹಚ್ಬೇಕು ಅಂತಿದ್ದೀಯಾ? ಇಳಿ, ಇಳಿ," ಎಂದು ಸೀಟಿ ಊದಿದ. ಇದು ನೀರು ಎಂದು ಅವಳು ಹೇಳಲಿಲ್ಲ. ಮಹದೇವಪುರದಲ್ಲಿ ಇಳಿದು, ಫ್ಯಾಕ್ಟರಿಗಳ ಗೋಡೆಗಳ ಪಕ್ಕ, ಲಾರಿಗಳ ಧೂಳಿನಲ್ಲಿ ಬಾಟಲಿಯನ್ನು ಎದೆಗವಚಿಕೊಂಡು ನಡೆದಳು.

ದತ್ತು ಸರ್ ಆಗತಾನೇ ಬಂದು ಬಿಳಿ ಕೋಟು ಹಾಕಿಕೊಳ್ಳುತ್ತಿದ್ದರು. "ಸರ್," ಎಂದಳು. ಅವಳೇ ಮೊದಲು ಮಾತಾಡಿಸಿದ್ದಕ್ಕೆ ಅವರು ಆಶ್ಚರ್ಯದಿಂದ ತಿರುಗಿದರು. "ಮೊದಲಿನ ನೀರು ನಮ್ಮವ್ವ ಸೋಸಿಬಿಟ್ಟಿದ್ಳು. ನಾನು ಹೇಳ್ಲಿಲ್ಲ. ಇದು ಸೀದಾ ಬಾವೀದು." ಅವರು ಬಾಟಲಿಯನ್ನು ತೆಗೆದುಕೊಂಡು ಮುಚ್ಚಳ ತಿರುಗಿಸಿ, ಮೂಗಿನ ಹತ್ತಿರ ಒಯ್ದು, ತಟ್ಟನೆ ಮುಖ ಹಿಂದಕ್ಕೆಳೆದುಕೊಂಡರು. "ಅಪ್ಪಾ! ಡೀಸೆಲ್," ಎಂದರು. ಯೋಚನೆ ಮಾಡದೆ ಬಂದ ಮಾತು. ಡೀಸೆಲ್. ಸೀಮೆಎಣ್ಣೆ ಅಲ್ಲ. ಅವ್ವ ಈಗ ಒಣಗಿದ ಬಾಯಲ್ಲಿ, ಹಚ್ಚದ ಸ್ಟೋವಿನ ಮುಂದೆ ಕೂತಿರುತ್ತಾಳೆ, ಓಡಿಹೋಗಿ ಹೇಳಬೇಕು. ಅಷ್ಟರಲ್ಲಿ ವಾಸನೆ ಕಾರಿಡಾರಿನ ಉದ್ದಕ್ಕೂ ಹೋಯಿತು, ಮೇಡಂ ಕೋಣೆಯ ಬಾಗಿಲು ತೆರೆದುಕೊಂಡಿತು.

"ಏನಿದು ದತ್ತು? ಯಾರು ಇದನ್ನ ಒಳಗೆ ತಂದಿದ್ದು? ಇವತ್ತು ಎಕ್ಸ್‌ಪೋರ್ಟ್ ಸ್ಯಾಂಪಲ್ಸ್ ಇದೆ. ಎಲ್ಲಾ ಬ್ಲಾಂಕಲ್ಲೂ ಡೀಸೆಲ್ ಬರುತ್ತೆ ಇನ್ನು!"

"ರೇವತಿಯವರ ಬಾವಿ ನೀರು ಮೇಡಂ. ಮೊದಲನೇದು ಸರಿಯಾಗಿ ಕಲೆಕ್ಟ್ ಆಗಿರ್ಲಿಲ್ಲವಂತೆ. ತುಂಬಾ ತೆಳು ಮಾಡಿ ಒಂದ್ಸಲ ರನ್ ಮಾಡ್ಬಹುದು..."

"ರಿಪೋರ್ಟ್ ಹೋಗಿದೆ. ನನ್ನ ಸಹಿ ಇದೆ ಅದರ ಮೇಲೆ. ಒಂದೇ ಬಾವಿಗೆ ಮೊನ್ನೆ ಇಲ್ಲ ಅಂತ, ಇವತ್ತು ಇದೆ ಅಂತ ಬರ್ಕೊಡೋಣ್ವಾ? ನಾಳೆ ಬಂಕಿನೋರು ಲ್ಯಾಬ್ ಮೇಲೆ ಕೇಸ್ ಹಾಕಿದ್ರೆ ನೀವು ಬರ್ತೀರಾ ಕೋರ್ಟಿಗೆ? ಇವಳೇ ಸುರ್ಕೊಂಡು ಬಂದಿಲ್ಲ ಅಂತ ಏನ್ ಗ್ಯಾರಂಟಿ?" ಮೇಡಂ ರೇವತಿಯ ಕಡೆ ನೋಡಲಿಲ್ಲ, ದತ್ತು ಸರ್ ಕೈಯಲ್ಲಿದ್ದ ಬಾಟಲಿಯ ಕಡೆ ನೋಡಿದರು. "ಆ ಬಾಟ್ಲಿ ನಮ್ಮದಲ್ವಾ? ಯಾರ್ನ ಕೇಳಿ ತಗೊಂಡು ಹೋದೆ?"

ದತ್ತು ಸರ್ ಮುಚ್ಚಳ ಹಾಕಿ ಬಾಟಲಿಯನ್ನು ಅವಳ ಕೈಗೆ ವಾಪಸು ಕೊಟ್ಟರು. ಮುಖದಲ್ಲಿ ಸಿಟ್ಟಿರಲಿಲ್ಲ. "ಹಿಂದೆ ಶೆಡ್ಡಲ್ಲಿ ವೇಸ್ಟ್ ಡ್ರಮ್ಮಿದೆಯಲ್ಲ, ಅದಕ್ಕೆ ಸುರಿದುಬಿಡಮ್ಮ. ಬಾಟ್ಲಿ ತೊಳೆದಿಟ್ಬಿಡು. ಕೈ ಚೆನ್ನಾಗಿ ತೊಳ್ಕೋ, ಆಮೇಲೆ ಗಾಜು ಮುಟ್ಟು," ಎಂದು ಮೆಲ್ಲಗೆ ಹೇಳಿ ತಣ್ಣನೆಯ ಕೋಣೆಗೆ ಹೋದರು. ಮೊದಲನೆಯ ಸಲ ನೀರು ಹೆಚ್ಚು ಚೊಕ್ಕಟವಾಗಿತ್ತು, ಈ ಸಲ ಹೆಚ್ಚು ಕೊಳಕಾಗಿತ್ತು. ಮಷೀನಿಗೆ ಹಿಡಿಸುವ ನೀರು ಯಾವುದು ಎಂದು ಅವಳಿಗೆ ತಿಳಿಯಲಿಲ್ಲ.

ಶೆಡ್ಡಿನಲ್ಲಿ ಅವಳು ಬಾಟಲಿಯನ್ನು ಡ್ರಮ್ಮಿಗೆ ಬಗ್ಗಿಸಿದಳು. ನೀರು ಮೊದಲು ಹೋಯಿತು, ಬಣ್ಣ ಕೊನೆಗೆ, ಬಿಡಲು ಮನಸ್ಸಿಲ್ಲದಂತೆ ಗಾಜನ್ನು ಸವರುತ್ತ. ತೊಳೆಯುವ ಕೋಣೆಗೆ ಬಂದು ಸೋಪಿನ ನೀರು ಹಾಕಿ ಕುಲುಕಿದಳು. ನಲ್ಲಿಯ ನೀರು. ಭಟ್ಟಿ ಇಳಿಸಿದ ನೀರು. ಅಸಿಟೋನು. ಮೂಸಿದಳು, ಹೋಗಿರಲಿಲ್ಲ. ಇನ್ನೊಮ್ಮೆ ತೊಳೆದಳು. ಅವ್ವ ಬೂದಿ ಹಾಕಿ ಡಬ್ಬಿ ಉಜ್ಜುತ್ತಿದ್ದ ಕೈ ಕಣ್ಣ ಮುಂದೆ ಬಂತು: ಅವಳೂ ಹೀಗೇ ಮೂಸಿ ಮೂಸಿ ಉಜ್ಜಿದ್ದಳು. ಕಟ್ಟೆಯ ಬಿರುಕಿನಲ್ಲಿ ಇಳಿದ ನೀರು ಎಷ್ಟಿದ್ದೀತು. ವಾಸನೆ ಹೋದ ಮೇಲೆ, ಅಥವಾ ಮೂಗು ಸೋತ ಮೇಲೆ, ಅವಳು ಬಾಟಲಿಯನ್ನು ಒಣಗಲು ಬೋರಲು ಹಾಕಿದಳು. ಅಲ್ಲಿರುವ ಬೇರೆ ಬಾಟಲಿಗಳ ನಡುವೆ ಅದು ಯಾವುದು ಎಂದು ಆಗಲೇ ಗುರುತು ಸಿಗುತ್ತಿರಲಿಲ್ಲ.

ಕೈ ಒರೆಸಿಕೊಂಡು ತಣ್ಣನೆಯ ಕೋಣೆಯ ಬಾಗಿಲಿಗೆ ಬಂದಳು. ಕೋಟಿಲ್ಲದೆ ಅವಳು ಹೊಸ್ತಿಲು ದಾಟುವ ಹಾಗಿಲ್ಲ. ಒಳಗೆ ದತ್ತು ಸರ್ ಸಣ್ಣ ಸಣ್ಣ ಸೀಸೆಗಳನ್ನು ಮಷೀನಿನ ತಟ್ಟೆಯಲ್ಲಿ ಸಾಲಾಗಿ ಇಡುತ್ತಿದ್ದರು. ಮೇಡಂ ಅವರ ಹಿಂದೆ ನಿಂತು ಪರದೆ ನೋಡುತ್ತಿದ್ದರು. ಗೆರೆ ಚಪ್ಪಟೆಯಾಗಿ ಹರಿಯುತ್ತಿತ್ತು. ಅವಳು ಬಾಗಿಲನ್ನು ಸ್ವಲ್ಪ ತಳ್ಳಿದಳು. ತಣ್ಣನೆಯ ಗಾಳಿ ಒಣಗಿದ ಕೂದಲಿಗೆ ಬಡಿಯಿತು. ಇಷ್ಟು ದಿನ ಗಂಟಲಿನಲ್ಲಿ ನಿಲ್ಲುತ್ತಿದ್ದ ಮಾತು ಈ ಸಲ ನಿಲ್ಲಲಿಲ್ಲ, ಅವಳಿಗೇ ಗುರುತು ಸಿಗದ ಗಟ್ಟಿ ಧ್ವನಿಯಲ್ಲಿ ಹೊರಗೆ ಬಂತು. ದತ್ತು ಸರ್ ಕೈಯಲ್ಲಿದ್ದ ಸೀಸೆ ಒಂದು ಕ್ಷಣ ಗಾಳಿಯಲ್ಲಿ ನಿಂತು, ಆಮೇಲೆ ತನ್ನ ಕುಳಿಯಲ್ಲಿ ಕೂತಿತು. ಮೇಡಂ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮಷೀನು ಗುಂಯ್ ಎನ್ನುತ್ತಲೇ ಇತ್ತು. ಅವಳು ಅದನ್ನೇ ಮತ್ತೊಮ್ಮೆ ಹೇಳಿದಳು.

"ಸರ್, ನೀವು ಮೂಸಿದಾಗ ಡೀಸೆಲ್ ಅಂದ್ರಲ್ಲ. ಅಷ್ಟೇ ಬರೆದು ಕೊಡಿ ಸರ್, ನಮ್ಮವ್ವನಿಗೆ ತೋರಿಸ್ತೀನಿ."